ಶಮೀಮಕ್ಕನಿಗೆ ಜಪಾನಿನಲ್ಲಿ ಊಟ

ಕೆಲಸ ಬಿಟ್ಟು ಮನೆಯಲ್ಲಿ ಕೂತು ಒಂದಷ್ಟು ಕಾಲವಾಯಿತು. ಆದರೂ ಊಟದ ಹೊತ್ತಾದರೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ದೂರದ ಊರಿಗೆ ಹೋದವರು ಉಂಡರೋ ಇಲ್ಲವೋ ಎಂದು ನೋಡುವ ಚಾಳಿ ಅದು. ಈಗ ನಾನು ಕಳಿಸಿದವರು ಯಾವ ಊರಿನಲ್ಲೂ ಇಲ್ಲ, ಆದರೂ ಎದೆ ಒಂದು ಸಲ ಡವ್ ಅನ್ನುತ್ತದೆ. ನನ್ನ ಸೊಸೆ ನಗುತ್ತಾಳೆ. ನಗಲಿ, ಅವಳು ಶಮೀಮಕ್ಕನನ್ನು ಜಪಾನಿಗೆ ಕಳಿಸಿಲ್ಲ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಆಫೀಸು. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಸೇರಿದವಳು ತಲೆ ನರೆಯುವವರೆಗೂ ಅಲ್ಲೇ ಇದ್ದೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಮನೆಗೆ ಬಂದು, ಏನು ಕಲಿಯಬೇಕು ಮೇಡಂ ಎಂದು ಕೇಳುತ್ತಾರೆ. ಯಾವ ಆಪು, ಯಾವ ವೆಬ್‌ಸೈಟು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಚೆನ್ನಾಗಿ ಗೊತ್ತಿರುವುದು ಹೆದರುವುದು. ಯಾವುದಕ್ಕೆ ಹೆದರಬೇಕು, ಎಷ್ಟು ಹೆದರಬೇಕು, ಎಲ್ಲಿಗೆ ನಿಲ್ಲಿಸಬೇಕು. ಮೊದಲನೆಯದು ಬೇಗ ಬಂತು. ಕೊನೆಯದು ಬರುವುದಕ್ಕೆ ಶಮೀಮಕ್ಕ ಜಪಾನಿಗೆ ಹೋಗಬೇಕಾಯಿತು.

ನಮ್ಮ ಮಾಲೀಕರು ಬಾಲಯ್ಯ ಸಾರ್, ಉರಿಗಾಮಿನ ತಮಿಳರು. ಅಪ್ಪ ಕೆಜಿಎಫ್‌ನ ಚಿನ್ನದ ಗಣಿಯಲ್ಲಿದ್ದವರು. ತಾನು ಗಣಿಗೆ ಇಳಿಯಲು ಹೆದರಿ ಮೇಲೆ ಟಿಕೆಟ್ ಮಾರಲು ಕೂತೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ನಾನು ಸೇರಿದಾಗ ಆಫೀಸಿನ ಆಸ್ತಿ ಎಂದರೆ ಒಂದು ದಪ್ಪ ರೈಲ್ವೆ ಟೈಮ್‌ಟೇಬಲ್, ಒಂದು ಕಪ್ಪು ಫೋನು, ಒಂದು ಮುರುಕು ಬೆಂಚು. ತಿರುಪತಿಗೂ ನಮ್ಮದೇ ಬಸ್ಸು, ವೇಲಾಂಕಣಿಗೂ ನಮ್ಮದೇ ಬಸ್ಸು, ಅಜ್ಮೀರಿಗೆ ನಮ್ಮದೇ ರೈಲು ಬುಕಿಂಗು. ಹೊಸ ಟೂರು ಹಾಕಲು ಕೂತು ನಾನು ಊರುಗಳ ಹೆಸರು ಬರೆಯತೊಡಗಿದರೆ ಸಾರ್ ಪೆನ್ನು ಕಿತ್ತುಕೊಳ್ಳುತ್ತಿದ್ದರು. "ಮೊದಲ್ಲ ಸಾಪ್ಪಾಡು" ಎನ್ನುತ್ತಿದ್ದರು. ಮೊದಲು ಊಟ. ಯಾರು, ಎಲ್ಲಿ, ಯಾರ ಕೈಯ ಅಡಿಗೆ ಉಣ್ಣುತ್ತಾರೆ ಎಂದು ಗೊತ್ತಾದ ಮೇಲೆ ಗುಡಿ, ದರ್ಗಾ, ಚರ್ಚು ಎಲ್ಲ.

ಆ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮತ್ತೆ ಮನೆಯಿಂದ ಹೊರಟರೆ ವಾಪಸು ಬರುವ ತನಕ ಪರರ ಮನೆಯ ನೀರು ಮುಟ್ಟಿದವರಲ್ಲ. ಅಂಥವರನ್ನು ಕಟ್ಟಿಕೊಂಡು ಕಾಳಹಸ್ತಿಗೆ ಹೋಗಿ ಬಂದವಳು ನಾನು. ಮನುಷ್ಯ ಹಸಿದುಕೊಂಡಾದರೂ ಇದ್ದಾನು, ಅನುಮಾನವಿದ್ದ ತಟ್ಟೆಗೆ ಕೈ ಹಾಕುವುದಿಲ್ಲ. ಅದನ್ನು ಹಟ ಎಂದು ಬೈಯುವವರು ಈ ಕೆಲಸಕ್ಕೆ ಬರಬೇಡಿ.

ಶಮೀಮಕ್ಕನ ಪರಿಚಯವಾದದ್ದು ಅಜ್ಮೀರ್ ಟೂರಿನಲ್ಲಿ. ಚಾಂಪಿಯನ್ ರೀಫ್ಸ್‌ನ ಗಣಿ ಲೈನಿನ ಮನೆಯವರು. ಗಂಡ ಗಣಿಯ ತೀರಾ ಕೆಳಗಿನ ಮಟ್ಟದಲ್ಲಿ ಕೆಲಸ ಮಾಡಿದವರು, ಗಣಿ ಮುಚ್ಚಿ ಕೆಲವು ವರ್ಷಕ್ಕೆ ಎದೆರೋಗದಲ್ಲಿ ಹೋಗಿಬಿಟ್ಟರು. ಗುಂಪಿನ ಜೊತೆ ಆಫೀಸಿನ ಪರವಾಗಿ ನಾನೂ ಹೋಗಿದ್ದೆ. ರೈಲಿಳಿದು ದರ್ಗಾದ ಕಡೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ಒಂದು ಢಾಬಾದಲ್ಲಿ ನಿಲ್ಲಿಸಿದೆವು. ಅಕ್ಕನಿಗೆ ಸಕ್ಕರೆ ಕಾಯಿಲೆ. ತಟ್ಟೆ ಬರುವ ಮೊದಲೇ ಮಾತ್ರೆ ನುಂಗಿಬಿಟ್ಟಿದ್ದರು. ಆಮೇಲೆ ನೋಡಿದರೆ ಪಕ್ಕದ ಮೇಜಿನವರು ಕುಡಿದಿಟ್ಟ ಹೆಂಡದ ಗ್ಲಾಸನ್ನು ನಮ್ಮ ತಟ್ಟೆ ತೊಳೆದ ಬಕೇಟಿನ ನೀರಿನಲ್ಲೇ ಅದ್ದಿ ಎತ್ತುತ್ತಿದ್ದಾರೆ. ಅಕ್ಕ ತಟ್ಟೆ ಸರಿಸಿಬಿಟ್ಟರು. ನಾನು ಬೇರೆಯವರಿಗೆ ಬಡಿಸುವ ಗಡಿಬಿಡಿಯಲ್ಲಿ ನೋಡಲಿಲ್ಲ.

ಬಸ್ಸು ಹೊರಟ ಮೇಲೆ ಯಾರೋ ಕೂಗಿದರು. ಹೋಗಿ ನೋಡುತ್ತೇನೆ, ಅಕ್ಕನ ಕೈ ತಣ್ಣಗೆ, ಮೈಯೆಲ್ಲ ಬೆವರು, ಮಾತು ತೊದಲುತ್ತಿದೆ. ಕಣ್ಣು ಮೇಲೆ ಹೋಗುತ್ತಿದೆ. ಯಾರದೋ ಚೀಲದಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಊರಿಗೆ ಬಂದ ಮೇಲೆ ಅವರ ಡಾಕ್ಟರು ನನ್ನನ್ನೂ ಕೂರಿಸಿಕೊಂಡು ಹೇಳಿದರು: ಈ ಮಾತ್ರೆ ನುಂಗಿ ಉಣ್ಣದಿದ್ದರೆ ಹೀಗೇ. ಸಕ್ಕರೆ ತಿನ್ನಿಸಿದರೆ ಏರುತ್ತದೆ, ಹೊಟ್ಟೆಗೆ ಗಟ್ಟಿ ಊಟ ಬೀಳದಿದ್ದರೆ ಮತ್ತೆ ಇಳಿಯುತ್ತದೆ. ಇನ್ನೊಂದು ಸಲ ಹೀಗಾದರೆ ಈ ವಯಸ್ಸಿಗೆ ತಡೆಯುವುದು ಕಷ್ಟ. ಅವತ್ತು ಹೊಟ್ಟೆಯೊಳಗೆ ಹೊಕ್ಕ ಹೆದರಿಕೆ ಇವತ್ತಿನವರೆಗೂ ಹೊರಗೆ ಬಂದಿಲ್ಲ.

ಕಾಲ ಬದಲಾಯಿತು. ಟಿಕೆಟ್ ಎಲ್ಲರ ಕೈಯ ಫೋನಿಗೆ ಬಂತು. ಬೆಂಗಳೂರಿಗೆ ದಿನಾ ಹೋಗಿ ಬರುವವರು ನಮ್ಮ ಬಾಗಿಲಿಗೆ ಬರುವುದನ್ನೇ ಬಿಟ್ಟರು. ಉಳಿದವರು ಹೆದರುವವರು ಮಾತ್ರ. ಮೊದಲ ಸಲ ವಿಮಾನ ಹತ್ತುವವರು, ವಯಸ್ಸಾದವರು, ಪಥ್ಯದವರು. ಬಾಲಯ್ಯ ಸಾರ್ ಮೊಣಕಾಲು ನೋವೆಂದು ಕೌಂಟರಿನ ಹಿಂದಿನ ಕುರ್ಚಿಗೆ ಸೇರಿ ಪೇಪರ್ ಓದುತ್ತಿದ್ದರು. ಟೂರುಗಳನ್ನೆಲ್ಲ ನಾನೇ ಹಾಕುತ್ತಿದ್ದೆ. ದುಬೈ, ಮಲೇಷ್ಯಾ, ಮೆಕ್ಕಾದ ಉಮ್ರಾ ಯಾತ್ರೆ. ನಾನು ಮಾತ್ರ ದೇಶ ಬಿಟ್ಟು ಹೋದವಳಲ್ಲ, ಇವತ್ತಿಗೂ ಹೋಗಿಲ್ಲ.

ಹೀಗಿರುವಾಗ ಒಂದು ದಿನ ಶಮೀಮಕ್ಕ ಮಗ ರಿಯಾಜನ ಜೊತೆ ಬಂದರು. ರಿಯಾಜ್ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸದವನು. ಮಗಳು ಚಿಕ್ಕವಳಿದ್ದಾಗಲೇ ಅವನ ಹೆಂಡತಿ ತೀರಿಹೋಗಿದ್ದಳು. ಆ ಮಗಳು ಆಯಿಷಾಳನ್ನು ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ಶಮೀಮಕ್ಕನೇ. ಹುಡುಗಿ ಸ್ಕಾಲರ್‌ಶಿಪ್ ಗಿಟ್ಟಿಸಿ ಜಪಾನಿನಲ್ಲಿ ಓದುತ್ತಿದ್ದಳು. ಕ್ಯೂಶೂ ಎಂಬ ದಕ್ಷಿಣದ ದ್ವೀಪ, ಬೆಪ್ಪು ಎಂಬ ಊರು. ಹೆಸರು ಕೇಳಿ ಬಾಲಯ್ಯ ಸಾರ್ ಪೇಪರಿನ ಮರೆಯಲ್ಲಿ ಹಲ್ಲು ಕಿಸಿದರು. ಅವಳ ಓದು ಮುಗಿದು ಕಪ್ಪು ಗೌನು ಹಾಕುವ ದಿನ ಬಂದಿತ್ತು. ಮನೆಯವರನ್ನು ಕರೆಯಬಹುದು.

ನಾನು ಬಾಯಿ ತೆರೆಯುವ ಮೊದಲೇ ಶಮೀಮಕ್ಕ ಹೇಳಿದರು: "ನಂಗ್ ಜಪಾನೂ ಬ್ಯಾಡ, ಗಿಪಾನೂ ಬ್ಯಾಡ ಕಣಮ್ಮ ಸರೋಜಾ. ಆ ಮಗೀನ ಮಖ ನೋಡ್ಬೇಕು. ಎಂಗಾನ ಮಾಡಿ ಓಗಿ ಬರಂಗೆ ಮಾಡು."

ಎಂಗಾನ ಮಾಡಿ ಎಂದರೆ ನನ್ನ ತಲೆಯ ಮೇಲೆ ಎಂದು ಅರ್ಥ. ಅವತ್ತು ಅವರು ಟೀ ಕುಡಿಯುತ್ತಾ ಗಂಡನ ಮಾತು ತೆಗೆದರು. ಗಣಿಯ ಕೆಳಗಿನ ಮಟ್ಟದಲ್ಲಿ ಬಂಡೆಯನ್ನು ಮುಟ್ಟಿದರೆ ಕೈ ಸುಡುತ್ತಿತ್ತಂತೆ. ಶಿಫ್ಟ್ ಮುಗಿಸಿ ಮೇಲೆ ಬಂದರೆ ಬಟ್ಟೆ ಹಿಂಡಿದರೆ ನೀರು. ಊಟಕ್ಕೆ ಕೂತಾಗ ಅವರು ತಟ್ಟೆ ತೋರಿಸಿ, ಕೆಳಗೆ ಜಹನ್ನಮ್ ಐತೆ ಶಮೀಮ್, ಅಲ್ಲಿಂದಾನೇ ನಮಗೆ ಅನ್ನ ಬರೋದು ಎನ್ನುತ್ತಿದ್ದರಂತೆ. ಜಹನ್ನಮ್ ಎಂದರೆ ನರಕ. ಅನ್ನದ ಮುಂದೆ ಕೂತು ಅಂಥ ಮಾತಾಡಬೇಡಿ, ತೌಬಾ ಅನ್ನಿ ಎಂದು ಅಕ್ಕ ಪ್ರತಿಸಲವೂ ಬೈಯುತ್ತಿದ್ದರಂತೆ. ಹೇಳಿ ನಕ್ಕರು. ನನ್ನ ಕಣ್ಣಿಗೆ ಮಾತ್ರ ಆ ಢಾಬಾದ ತಟ್ಟೆಯೇ ಕಾಣುತ್ತಿತ್ತು.

ಹುಡುಕಲು ಕೂತರೆ ತಲೆ ಕೆಟ್ಟುಹೋಯಿತು. ಆ ದ್ವೀಪದ ಹೆಸರುವಾಸಿ ಊಟವೇ ಹಂದಿಯ ಎಲುಬು ಕುದಿಸಿದ ಸಾರಿನಲ್ಲಿ ಹಾಕಿದ ಶ್ಯಾವಿಗೆ. ಅದು ಹೋಗಲಿ ಎಂದರೆ ತರಕಾರಿ ಪಲ್ಯಕ್ಕೂ ಅಕ್ಕಿಯ ಹೆಂಡ ಸುರಿಯುತ್ತಾರೆ, ಬಣ್ಣಕ್ಕೆ, ಘಮಕ್ಕೆ. ಸೋಯಾ ಸಾಸಿನಲ್ಲೂ ಕೆಲವದರಲ್ಲಿ ಹೆಂಡದ ಅಂಶ. ಬ್ರೆಡ್ಡಿನಲ್ಲಿ ಹಂದಿ ಕೊಬ್ಬು ಇದ್ದರೂ ಇರಬಹುದು. ಹಾಗಂತ ದಿಕ್ಕೇ ಇಲ್ಲವೆಂದಲ್ಲ. ಬೆಪ್ಪುವಿನಲ್ಲಿ ಹೊರದೇಶದ ಮಕ್ಕಳು ತುಂಬ ಓದುವುದರಿಂದ ಮಸೀದಿ ಇದೆ, ಹಲಾಲ್ ಅಂಗಡಿಯಿದೆ, ಅಲ್ಲಿಗೆ ಬಂದರೆ ದಾದಿಯ, ಎಂದರೆ ಅಜ್ಜಿಯ, ಊಟದ ಚಿಂತೆ ನನಗೆ ಬಿಡಿ ಎಂದು ಆಯಿಷಾ ಫೋನಿನಲ್ಲಿ ಹೇಳಿದಳು. ದಾರಿಯ ಚಿಂತೆ ಮಾತ್ರ ನನ್ನದು.

ಒಂದೊಂದಾಗಿ ಬಿಡಿಸಿದೆ. ಮಲೇಷ್ಯಾ ಮೇಲೆ ಹೋಗುವ ವಿಮಾನ, ಅಲ್ಲಿ ನಿಲ್ಲುವ ಹೊತ್ತಿನಲ್ಲಿ ಊಟಕ್ಕೆ ಭಯವಿಲ್ಲ. ಅಕ್ಕ ಒಣಗಿಸಿದ ಖೀಮಾ ಕಟ್ಟಿಕೊಳ್ಳುತ್ತೇನೆ ಎಂದರು. ಮಾಂಸದ ಪದಾರ್ಥವನ್ನು ಜಪಾನಿನ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ ಎಂದು ಬೇಡವೆಂದೆ. ಚಪಾತಿ, ಚಟ್ನಿಪುಡಿ, ಬೆಲ್ಲ, ಗ್ಲೂಕೋಸ್ ಪೊಟ್ಟಣ ಸರಿ. ನಮಾಜಿನ ದಿಕ್ಕು ನೋಡಿದೆ. ಅಲ್ಲಿಂದಲೂ ಪಡುವಣಕ್ಕೆ, ಒಂಚೂರು ಬಡಗಣಕ್ಕೆ, ಹೆಚ್ಚು ಕಡಿಮೆ ನಮ್ಮ ಬಂಗಾರಪೇಟೆಯ ಲೆಕ್ಕವೇ. ಅದನ್ನು ಹೇಳಿದಾಗ ಅಕ್ಕನ ಮುಖ ಅರಳಿದ್ದು ನೋಡಬೇಕಿತ್ತು, ಅಷ್ಟು ದೂರದ ಊರು ಒಂದೇ ಮಾತಿಗೆ ಹತ್ತಿರವಾಯಿತು. ಪಾಯಿಖಾನೆಯಲ್ಲಿ ನೀರು ತಾನಾಗಿ ಚಿಮ್ಮುತ್ತದೆ ಎಂದು ಗೊತ್ತಾದಾಗ ನನಗೂ ಅಷ್ಟೇ ನೆಮ್ಮದಿಯಾಯಿತು.

ಒಂದು ಕಡೆ ಮಾತ್ರ ಎಡವಿದೆ. ಅಕ್ಕನ ಮೊಣಕಾಲಿಗೆ ಒಳ್ಳೆಯದೆಂದು ಬಿಸಿನೀರಿನ ಬುಗ್ಗೆಯ ಸ್ನಾನ ಬುಕ್ ಮಾಡಿದ್ದೆ. ಆಯಿಷಾಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. ಅಲ್ಲಿ ಹೆಂಗಸರೆಲ್ಲ ಒಂದೇ ತೊಟ್ಟಿಯಲ್ಲಿ ಮೈಮೇಲೆ ನೂಲೆಳೆ ಇಲ್ಲದೆ ಕೂರುತ್ತಾರಂತೆ. ನನ್ನ ಕಿವಿ ಬಿಸಿಯಾಯಿತು. ಕೂಡಲೇ ರದ್ದು ಮಾಡಿಸಿ, ಬೀದಿ ಬದಿಯಲ್ಲಿ ಕಾಲು ಮಾತ್ರ ಇಳಿಬಿಟ್ಟು ಕೂರುವ ಜಾಗ ಹುಡುಕಿದೆ. ಶಮೀಮಕ್ಕನಿಗೆ ಆ ವಿಷಯ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕಾರ್ಡು. ಅದು ನನ್ನ ಹೆಮ್ಮೆಯ ಕೆಲಸ. ಬೆಂಗಳೂರಿನಲ್ಲಿ ಜಪಾನಿ ಬಲ್ಲವರೊಬ್ಬರನ್ನು ಹಿಡಿದು ಬರೆಸಿ, ಲ್ಯಾಮಿನೇಶನ್ ಮಾಡಿಸಿದೆ. ಭಾಷೆ ಬರದವರು ಹೋಟೆಲಿನಲ್ಲಿ ಅದನ್ನು ತೋರಿಸಿದರಾಯಿತು. ಹಂದಿ ಕೂಡದು, ಹಂದಿ ಕೊಬ್ಬು ಕೂಡದು, ಹೆಂಡ ಕೂಡದು, ಹೆಂಡ ಬೆರೆತ ಸಾಸು ಕೂಡದು. ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ರಾತ್ರಿ ಹಾಸಿಗೆಯಲ್ಲಿ ಹೊರಳಿದಾಗಲೆಲ್ಲ ಒಂದೊಂದು ಹೊಸ ಭಯ ಹೊಳೆಯುತ್ತಿತ್ತು, ಬೆಳಿಗ್ಗೆ ಅದನ್ನೂ ಸೇರಿಸುತ್ತಿದ್ದೆ. ಪಾತ್ರೆ ಬೇರೆ ಇರಬೇಕು, ಚಾಕು ಬೇರೆ, ಎಣ್ಣೆ ಬೇರೆ, ತೊಳೆಯುವ ನೀರು ಬೇರೆ. ಒಂದು ತಪ್ಪಾದರೂ ಇವರ ಧರ್ಮಕ್ಕೂ ಜೀವಕ್ಕೂ ಅಪಾಯ, ಆದ್ದರಿಂದ ತಾವು ಪೂರ್ತಿ ಖಾತ್ರಿ ಕೊಟ್ಟರೆ ಮಾತ್ರ ಬಡಿಸಬೇಕು.

ಕನ್ನಡದ ಪ್ರತಿಯನ್ನು ಬಾಲಯ್ಯ ಸಾರ್ ಕನ್ನಡಕ ಏರಿಸಿಕೊಂಡು ಓದಿದರು. "ಏನಮ್ಮಾ ಇದು, ಊಟ ಕೇಳ್ತಿದ್ಯಾ, ಇಲ್ಲ ಕೋರ್ಟ್ ನೋಟೀಸ್ ಕೊಡ್ತಿದ್ಯಾ?"

ನನಗೆ ಪಿತ್ತ ನೆತ್ತಿಗೇರಿತು. ಆ ಬಸ್ಸಿನಲ್ಲಿ ಅಕ್ಕನ ತಣ್ಣನೆಯ ಕೈ ಹಿಡಿದವಳು ನಾನು, ನೀವಲ್ಲ ಎಂದುಬಿಟ್ಟೆ. ಅವರು ಕಾರ್ಡನ್ನು ಮೇಜಿನ ಮೇಲಿಟ್ಟು ಪೇಪರ್ ತೆಗೆದುಕೊಂಡರು.

ಹೊರಡುವ ದಿನ ರಿಯಾಜನಿಗೆ ಹತ್ತು ಸಲ ಹೇಳಿದ್ದನ್ನೇ ಹನ್ನೊಂದನೇ ಸಲ ಹೇಳಿದೆ. ತಟ್ಟೆ ಎದುರಿಗೆ ಬಂದು, ಅಮ್ಮ ಒಂದು ತುತ್ತು ಬಾಯಿಗಿಡುವವರೆಗೂ ಮಾತ್ರೆ ಕೊಡಬೇಡ. ಪ್ರತಿ ಊಟವಾದ ಮೇಲೆ ನನಗೆ ಮೆಸೇಜ್ ಹಾಕು. ಅವನು ಒಳ್ಳೆಯ ಹುಡುಗ, ಹಾಕಿದ. ವಿಮಾನ ನಿಲ್ದಾಣದಿಂದ, ಮಲೇಷ್ಯಾದಿಂದ, ಇಳಿದ ಊರು ಫುಕುವೋಕಾದಿಂದ. ಅಮ್ಮ ಊಟ ಮಾಡಿದ್ರು ಅಕ್ಕಾ. ಆ ನಾಲ್ಕು ಪದ ಓದಿದ ಮೇಲೆ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಫುಕುವೋಕಾದಿಂದ ಬೆಪ್ಪುವಿಗೆ ನೇರ ರೈಲು ಇದೆ. ಆದರೆ ಮಾರನೆಯ ದಿನ ಆಯಿಷಾಳಿಗೆ ಸಮಾರಂಭದ ತಾಲೀಮು, ಸಂಜೆಯವರೆಗೆ ಫೋನು ಕೂಡ ಆಫ್. ಇವರು ಬೇಗ ಹೋಗಿ ಮಾಡುವುದೇನು ಎಂದು ನಾನು ಬೆಟ್ಟದ ದಾರಿಯ ಬಸ್ಸು ಹಾಕಿದ್ದೆ. ನಡುವೆ ಬಿಸಿನೀರಿನ ಬುಗ್ಗೆಗಳ ಒಂದು ಪುಟ್ಟ ಊರು. ಅಲ್ಲಿ ಮುಸ್ಲಿಮರಿಗೆ ಅಡಿಗೆ ಮಾಡಿಕೊಡುವ, ನಮಾಜಿಗೆ ಕೋಣೆ ಕೊಡುವ ಒಂದು ಊಟದ ಮನೆ ಸಿಕ್ಕಿತ್ತು. ಮಧ್ಯಾಹ್ನದ ಊಟ ಅಲ್ಲಿ, ನಮಾಜು ಅಲ್ಲಿ, ಸಂಜೆಯ ಬಸ್ಸಿಗೆ ಬೆಪ್ಪು. ಕಾಗದದ ಮೇಲೆ ಎಷ್ಟು ಚೆಂದವಿತ್ತು!

ಅವರ ಮಧ್ಯಾಹ್ನ ಎಂದರೆ ನಮ್ಮ ಬೆಳಿಗ್ಗೆ. ಬೆಂಗಳೂರಿನ ಪ್ಯಾಸೆಂಜರ್ ಹೋಗಿ ರಸ್ತೆ ಸ್ವಲ್ಪ ಖಾಲಿಯಾಗಿತ್ತು. ಶಟರ್ ಎತ್ತಿ ಸಾರ್ ತಮ್ಮ ಕುರ್ಚಿಗೆ ಸೇರಿದ್ದರು, ನಾನು ದೀಪ ಹಚ್ಚುತ್ತಿದ್ದೆ, ರಿಯಾಜನ ಫೋನು ಬಂತು. ಮೆಸೇಜಲ್ಲ, ಫೋನು.

ಆ ಊಟದ ಮನೆ ಬಾಗಿಲು ಹಾಕಿತ್ತು. ಏನೋ ಬರೆದು ಅಂಟಿಸಿದ್ದರು, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಪಕ್ಕದವರು ಕೈಸನ್ನೆಯಲ್ಲಿ ತಿಳಿಸಿದರಂತೆ. ಬೆಳಿಗ್ಗೆ ಹೋಟೆಲಿನ ತಿಂಡಿಯ ಕೋಣೆಯಲ್ಲಿ ಹಂದಿ ಮಾಂಸ ಕರಿಯುವ ವಾಸನೆಗೆ ಅಕ್ಕ ಒಳಗೆ ಕಾಲಿಡದೆ ಒಂದು ಬಾಳೆಹಣ್ಣು, ಒಂದು ಟೀಯಲ್ಲೇ ಇದ್ದರು. ಚಪಾತಿ ಹಿಂದಿನ ದಿನವೇ ಮುಗಿದಿತ್ತು. ಇಷ್ಟಾದರೂ ಪರವಾಗಿರಲಿಲ್ಲ. ಊಟದ ಮನೆಯ ಬೋರ್ಡು ಕಂಡ ಕೂಡಲೇ, ಇನ್ನೇನು ಬಂತಲ್ಲ ಎಂದು ಅಕ್ಕ ತಮ್ಮ ಚೀಲದಿಂದ ಮಾತ್ರೆ ತೆಗೆದು ನುಂಗಿಬಿಟ್ಟಿದ್ದರು. ರಿಯಾಜ್ ಬಾಗಿಲು ತಟ್ಟುತ್ತಿದ್ದವನು ತಿರುಗಿ ನೋಡುವಷ್ಟರಲ್ಲಿ ನೀರು ಕುಡಿದಾಗಿತ್ತು.

ಗ್ಲೂಕೋಸ್ ಕೊಟ್ಟೆಯಾ ಎಂದೆ. ಕೊಟ್ಟೆ, ಈಗ ಪರವಾಗಿಲ್ಲ, ಆದರೆ ಕೈ ಆಗಲೇ ತಣ್ಣಗಾಗುತ್ತಿದೆ ಎಂದ. ಬಸ್ಸು ಸಂಜೆಗೇ. ಬೇರೆ ಅಂಗಡಿ ನೋಡು, ಕಾರ್ಡು ತೋರಿಸು ಎಂದೆ.

"ತೋರ್ಸ್ದೆ ಅಕ್ಕಾ. ಇರೋ ಅಂಗಡಿಗೆಲ್ಲಾ ಓಗಿ ಬಂದೆ. ಓದ್ತಾರೆ, ಒಳಗಿಂದ ಇನ್ನೊಬ್ರನ್ನ ಕರೀತಾರೆ, ಅವ್ರೂ ಓದ್ತಾರೆ. ಆಮೇಲೆ ಸೊಂಟ ಬಗ್ಸಿ ಕೈ ಮುಗ್ದು, ಎರಡು ಕೈ ಅಡ್ಡ ಇಟ್ಟು ಇಲ್ಲ ಅಂತಾರೆ. ಒಬ್ಬಮ್ಮ ಅಳೋ ಅಂಗೇ ಆಗ್ಬುಟ್ಳು. ಬರೀ ಅನ್ನ ಕೊಡಿ ಅಂದ್ರೂ ಕೊಡ್ತಿಲ್ಲ."

ಸ್ಪೀಕರಿನಲ್ಲಿ ಎಲ್ಲ ಕೇಳಿಸುತ್ತಿತ್ತು. ಹಿಂದಿನ ಕುರ್ಚಿಯಿಂದ ಬಾಲಯ್ಯ ಸಾರ್ ತಲೆಯೆತ್ತದೆ, ನೋಟೀಸ್ ಜಾರಿ ಆಯ್ತು ಎಂದರು.

ಆ ಕ್ಷಣ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವರು ಹೇಳಿದ್ದೇ ಆಗಿತ್ತು. ಬರೀ ಅನ್ನ ಎಲ್ಲಿಲ್ಲ ಅಲ್ಲಿ? ಅನ್ನದ ದೇಶ ಅದು. ಕಾರ್ಡು ಇಲ್ಲದೆ ಹೋಗಿ ಅನ್ನ ಎಂದು ಕೈ ತೋರಿಸಿದ್ದರೆ ಕೊಡುತ್ತಿದ್ದರು. ತಪ್ಪಾದರೆ ಧರ್ಮಕ್ಕೂ 'ಜೀವಕ್ಕೂ' ಅಪಾಯ ಎಂದು ಓದಿದ ಮೇಲೆ ಯಾವ ಮರ್ಯಾದಸ್ಥ ಬಡಿಸಿಯಾನು? ಅವರಿಗೆ ಒಲ್ಲೆ ಎನ್ನುವ ಮನಸ್ಸಿರಲಿಲ್ಲ, ಮಾತು ಕೊಟ್ಟು ತಪ್ಪುವ ಧೈರ್ಯವಿರಲಿಲ್ಲ. ಊರಿನ ಎಲ್ಲ ಬಾಗಿಲುಗಳನ್ನೂ ನಾನೇ ಬಂಗಾರಪೇಟೆಯಲ್ಲಿ ಕೂತು ಹಾಕಿಸಿದ್ದೆ, ಅದೂ ಲ್ಯಾಮಿನೇಶನ್ ಮಾಡಿಸಿ.

"ರಿಯಾಜ್, ಆ ಕಾರ್ಡ್ ಜೋಬಿಗಾಕು. ಅಮ್ಮನ್ ಕೈಗೆ ಫೋನ್ ಕೊಡು, ವಿಡಿಯೋ ಆಕು."

ಅಕ್ಕ ಒಂದು ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬೆಳ್ಳಗಾಗಿತ್ತು, ದುಪಟ್ಟಾದ ಅಂಚಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಹೆದರಿಕೊಂಡಿದ್ದೀರಾ ಎಂದು ಕೇಳಲು ಹೋಗಿ ನಾನೇ ತಡವರಿಸಿದೆ. ಸುತ್ತ ಏನು ಕಾಣುತ್ತದೆ ಅಕ್ಕಾ ಎಂದೆ.

"ಎಲ್ನೋಡಿದ್ರೂ ಒಗೆ ಕಣಮ್ಮ. ನೆಲ ಬಾಯ್ ಬಿಟ್ಕಂಡು ಉಸ್ ಅಂತೈತೆ. ಅಲ್ನೋಡು, ಆ ಮುದುಕಿ ಒಲೇನೇ ಇಲ್ದೆ ಗೆಣಸು ಬೇಯಿಸ್ತವ್ಳೆ."

ಫೋನು ತಿರುಗಿಸಿದರು. ಬೀದಿ ಬದಿಯಲ್ಲೇ ಒಂದು ಕಲ್ಲಿನ ತೊಟ್ಟಿ, ಮೇಲೆ ಮರದ ಮುಚ್ಚಳ. ನೆಲದೊಳಗಿನಿಂದ ಬರುವ ಬಿಸಿ ಆವಿ ಅದರೊಳಗೆ ತುಂಬಿಕೊಳ್ಳುತ್ತದೆ. ನಮ್ಮ ಅತ್ತೆಯ ವಯಸ್ಸಿನ ಒಬ್ಬಾಕೆ, ತಲೆಗೆ ಬಟ್ಟೆ ಕಟ್ಟಿದವಳು, ಮುಚ್ಚಳ ಸರಿಸಿ ಬಿದಿರಿನ ಬುಟ್ಟಿ ಎತ್ತಿದಳು. ಬುಟ್ಟಿಯಲ್ಲಿ ಸಿಪ್ಪೆ ಸಮೇತ ಗೆಣಸು, ಮೊಟ್ಟೆ, ಜೋಳದ ತೆನೆ. ಎಣ್ಣೆಯಿಲ್ಲ, ಸಾಸಿಲ್ಲ, ಪಾತ್ರೆಯಿಲ್ಲ. ನನ್ನ ಹೋದ ಜೀವ ಬಂದಂತಾಯಿತು. ಹೋಗಿ ಕೈ ತೋರಿಸಿ ಕೇಳಿ ಅಕ್ಕಾ, ಕೊಟ್ಟೇ ಕೊಡುತ್ತಾಳೆ ಎಂದೆ.

ಅಕ್ಕ ಏಳಲಿಲ್ಲ. "ಅದೇ ಬುಟ್ಟೀಲಿ ನೆನ್ನೆ ಏನ್ ಬೇಯ್ಸಿದ್ರೋ, ಅದೇ ಒಗೇಲಿ ಏನೇನ್ ಬೆಂದೈತೋ. ನೀನೇ ಒಂದ್ ಮಾತ್ ಏಳು ಸರೋಜಾ. ತಿಂದ್ರೆ ಸರೀನಾ?"

ಸರಿ ಎನ್ನಲು ನಾನ್ಯಾರು? ಅದು ನನ್ನ ಧರ್ಮವೂ ಅಲ್ಲ, ನಾನು ನೋಡಿದ ಬುಟ್ಟಿಯೂ ಅಲ್ಲ. ತಪ್ಪು ಎಂದರೆ ಎದುರಿಗೇ ಕೂತ ಜೀವ ಹೋಗುತ್ತದೆ. ಖಾತ್ರಿ ಕೊಡೋಕೆ ನನ್ನ ಕೈಲಾಗಲ್ಲ ಅಕ್ಕಾ ಎಂದೆ, ಹಾಗೆ ಹೇಳುವಾಗ ನನ್ನ ಎರಡು ಕೈಯೂ ಎದೆಯ ಮೇಲೆ ಅಡ್ಡ ಕೂತಿದ್ದವು. ಆ ಅಂಗಡಿಯವರಿಗೂ ನನಗೂ ಏನೂ ವ್ಯತ್ಯಾಸ ಉಳಿದಿರಲಿಲ್ಲ. ಅಕ್ಕ ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಫೋನು ಕಟ್ಟಾಯಿತು.

ಮತ್ತೆ ಹಚ್ಚಿದೆ, ಸಿಗಲಿಲ್ಲ. ಮತ್ತೆ, ಮತ್ತೆ. ಬೆಟ್ಟದ ಊರು, ಸಿಗ್ನಲ್ ಬಂದರೆ ಬಂತು. ಯಾರೋ ಬಂದು ಕಾಟ್ಪಾಡಿಗೆ ಟಿಕೆಟ್ ಕೇಳಿದರು, ನಾನು ಹುಬ್ಬಳ್ಳಿಗೆ ಹುಡುಕುತ್ತಿದ್ದೆ. ಆತ ಒಂದು ಸಲ ತಿದ್ದಿದ, ಎರಡನೇ ಸಲ ನನ್ನ ಮುಖ ನೋಡಿ ಆಮೇಲೆ ಬರುತ್ತೇನೆಂದು ಹೋದ. ಬಾಲಯ್ಯ ಸಾರ್ ಕುಂಟುತ್ತಾ ಹೋಗಿ ಎದುರಿನ ಹೋಟೆಲಿನಿಂದ ಟೀ ತಂದು ನನ್ನ ಮುಂದೆ ಇಟ್ಟರು, ಹಾಸ್ಯ ಮಾಡಲಿಲ್ಲ. ಟೀ ಆರಿ ಕೆನೆ ಕಟ್ಟಿತು. ಗೌನು ಹಾಕಿಕೊಂಡ ಮೊಮ್ಮಗಳು ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಾಳೆ, ಅವಳಿಗೆ ನಾನು ಏನೆಂದು ಫೋನು ಮಾಡಲಿ ಎಂಬುದೊಂದೇ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ದೇವರೇ, ನನ್ನ ಕಾರ್ಡಿನ ಪಾಪ ಶಮೀಮಕ್ಕನಿಗೆ ತಟ್ಟದಿರಲಿ ಎಂದು ಬೇಡಿಕೊಂಡೆ. ಎಷ್ಟು ಹೊತ್ತಾಯಿತೋ ತಿಳಿಯದು.

ಫೋನು ಟಿಣ್ ಎಂದಿತು. ಒಂದು ಫೋಟೋ. ಹರಿದ ಕಾಗದದ ಮೇಲೆ ಗೆಣಸಿನ ಸಿಪ್ಪೆ, ಮೊಟ್ಟೆಯ ಚೂರು ಚಿಪ್ಪು, ಪಕ್ಕದಲ್ಲಿ ಚಿಟಿಕೆ ಉಪ್ಪು. ಕೆಳಗೆ ಶಮೀಮಕ್ಕನ ಧ್ವನಿ, ಸ್ವಲ್ಪ ಕ್ಷೀಣವಾಗಿ, ಆದರೆ ಬಾಯಲ್ಲಿ ಇನ್ನೂ ತುತ್ತಿದ್ದ ಧ್ವನಿ.

"ಉಂಡೆ ಕಣಮ್ಮ. ನೀ ಅಳ್ಬ್ಯಾಡ. ಫೋನ್ ಕಟ್ಟಾದ್ಮೇಲೆ ನಾನೇ ಕುಂತು ಯೋಚ್ನೆ ಮಾಡ್ದೆ. ಸಿಪ್ಪೆ ಒಳಗಿರೋದು ಅಲ್ಲಾನೇ ಕಟ್ಟಿ ಕಳ್ಸಿರೋ ಪೊಟ್ಣ. ಅದ್ರೊಳಕ್ಕೆ ಯಾರ್ ಕೈ ಓಗ್ತದೆ? ಬಿಸ್ಮಿಲ್ಲಾ ಅಂದು ಸುಲ್ಕಂಡು ತಿಂದೆ. ಆ ಮುದ್ಕಿ ಇನ್ನೊಂದ್ ಕೊಡ್ತವ್ಳೆ, ಸಾಕು ಅಂದ್ರೂ ಬಿಡ್ತಿಲ್ಲ."

ನಾನು ಅಳುತ್ತಿದ್ದೇನೆಂದು ಅವರಿಗೆ ಹೇಗೆ ಗೊತ್ತಾಯಿತೋ. ಅಳುತ್ತಿದ್ದೆ ಎಂಬುದು ನಿಜ. ಬಾಲಯ್ಯ ಸಾರ್ ಇನ್ನೊಂದು ಟೀ ತರಿಸಿದರು.

ಮಕ್ಕಳೇ, ಆಮೇಲೆ ಆ ಕಾರ್ಡನ್ನು ಬದಲಾಯಿಸಿದೆ. ಈಗ ಆಫೀಸಿನಲ್ಲಿರುವುದು ತೀರಾ ಸಣ್ಣದು. ಹಂದಿ, ಹೆಂಡ ನಮಗೆ ಆಗುವುದಿಲ್ಲ, ನಿಮ್ಮಲ್ಲಿ ಇರುವುದನ್ನು ತೋರಿಸಿ, ನಾವೇ ನೋಡಿ ಆರಿಸಿಕೊಳ್ಳುತ್ತೇವೆ ಎಂದಷ್ಟೇ ಅದರಲ್ಲಿದೆ. ಖಾತ್ರಿ ಕೊಡುವ ಭಾರವನ್ನು ಅಡಿಗೆಯವರ ತಲೆಗೂ ಹೊರಿಸಬೇಡಿ, ನಿಮ್ಮ ತಲೆಗೂ ಹೊತ್ತುಕೊಳ್ಳಬೇಡಿ. ಉಣ್ಣುವವರಿಗೆ ತಮ್ಮ ಧರ್ಮ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಕಣ್ಣಿಟ್ಟು ನೋಡಲು ಜಾಗ ಬಿಡಿ. ಗ್ಲೂಕೋಸನ್ನು ಮಾತ್ರ ಎರಡು ಪೊಟ್ಟಣ ಹೆಚ್ಚು ಹಾಕಿ. ಮಾತ್ರೆಯ ಡಬ್ಬಿಯನ್ನು ಮಗನ ಕೈಯಲ್ಲಿ ಕೊಡಿ, ಅಮ್ಮನ ಚೀಲದಲ್ಲಿ ಬೇಡ.

ಅವತ್ತೇ ಅವರ ಸಂಜೆಗೆ ಬೆಪ್ಪುವಿನಿಂದ ಫೋನು ಬಂತು. ಮೊದಲು ಮಾತಾಡಿದವಳು ಆಯಿಷಾ. ದಾದಿಯನ್ನು ಬಿಡದೆ ತಬ್ಬಿಕೊಂಡು ಕೂತಿದ್ದಳು, ಒಂದು ಕಣ್ಣು ನಗು, ಒಂದು ಕಣ್ಣು ನೀರು. ದಾದಿ ಇವತ್ತು ಏನು ತಿಂದರು ಗೊತ್ತಾ ಸರೋಜಾಂಟಿ ಎಂದಳು. ಆ ಆವಿಯಲ್ಲಿ ಬೇಯಿಸುವುದಕ್ಕೆ ಅಲ್ಲಿನ ಜನ ನರಕದ ಆವಿ ಎಂದೇ ಕರೆಯುತ್ತಾರಂತೆ. ಭೂಮಿಯೊಳಗಿಂದ ಬಿಸಿ ಉಕ್ಕುವ ಬಾಯಿಗಳಿಗೆಲ್ಲ ಅವರಲ್ಲಿ ನರಕ ಎಂದೇ ಹೆಸರು. ಹೇಳಿ ಹುಡುಗಿ ಕಿಲಕಿಲ ನಕ್ಕಳು. ನಾನು ಹೆದರಿದೆ, ಅಕ್ಕ ಈಗ ಉಂಡದ್ದನ್ನು ಕಕ್ಕಿಬಿಟ್ಟಾರು, ತೌಬಾ ತೌಬಾ ಎಂದು ನಾಳೆಯಿಂದ ಉಪವಾಸ ಕೂತಾರು ಎಂದು.

ಶಮೀಮಕ್ಕ ಫೋನು ಇಸಿದುಕೊಂಡರು.

"ಕೇಳಿಸ್ಕಂಡ್ಯಾ ಸರೋಜಾ? ನಮ್ಮನೆಯವ್ರು ತಟ್ಟೆ ಮುಂದೆ ಕುಂತು ಇದೇ ಜಹನ್ನಮ್ ಮಾತ್ ಏಳ್ತಿದ್ರು, ನಾನು ಬಾಯ್ ಮುಚ್ಚಿ ಅಂತ ಬೈತಿದ್ದೆ. ಬದುಕಿರೋಗಂಟ ಬೈದೆ." ದುಪಟ್ಟಾ ಬಾಯಿಗೊತ್ತಿಕೊಂಡು ತೆಗೆದರು. "ಇವತ್ತು ನನ್ ಜೀವ ಉಳ್ಸಿದ್ ಅನ್ನಾನೂ ಅಲ್ಲಿಂದಾನೇ ಬಂತು ನೋಡು."

ಆಯಿಷಾ ನಗು ನಿಲ್ಲಿಸಿ ದಾದಿಯ ಮುಖ ನೋಡುತ್ತಿದ್ದಳು. ಬಾಲಯ್ಯ ಸಾರ್ ಪೇಪರ್ ಮಡಿಸಿಟ್ಟು ರಸ್ತೆಯ ಕಡೆ ತಿರುಗಿದರು, ಅವರ ಅಪ್ಪನೂ ಅಲ್ಲಿಗೇ ಇಳಿದವರು. ನನಗೂ ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಒಂದೇ.

"ರಾತ್ರಿ ಊಟಕ್ಕೆ ಏನ್ ಅಕ್ಕಾ?"